ವೇವಾಕ್‌ನಲ್ಲಿ ಜಪಾನಿನ ವಿಮಾನಗಳು ನೆಲದಲ್ಲೇ ಸುಟ್ಟುಹೋಗಿದ್ದು ಹೇಗೆ?

ಹಳೇರೆಕ್ಕೆ:
ಎರಡನೇ ಮಹಾಯುದ್ಧದಲ್ಲಿ ನ್ಯೂಗಿನಿ ದ್ವೀಪದ ಕಾದಾಟದ ಬಗ್ಗೆ ಓದ್ತಾ ಇದ್ದೀನಿ. 1943ರಲ್ಲಿ ಜಪಾನ್ ಭೂಸೇನೆ 68 ಮತ್ತು 78ನೇ ಸೆಂಟಾಯ್‌ಗಳನ್ನು, ಅಂದ್ರೆ ಫೈಟರ್ ಪಡೆಗಳನ್ನು, ಅಲ್ಲಿನ ಉತ್ತರ ಕರಾವಳಿಯ ನೆಲೆ ವೇವಾಕ್‌ಗೆ ತಂದಿತ್ತು. ಎರಡಕ್ಕೂ ಹೊಸ ಕಿ-61 ವಿಮಾನ. ಆದರೂ ಆಗಸ್ಟ್ 17ರ ಒಂದೇ ಬೆಳಿಗ್ಗೆ ಅಲ್ಲಿನ ವಿಮಾನಪಡೆ ಮುಕ್ಕಾಲು ಮುಗಿದುಹೋಯಿತು. ಅಷ್ಟು ಮೈಮರೆತು ಕೂತಿದ್ದರಾ?

ಮೋಡದಾಚೆ:
ಮೈಮರೆತಿರಲಿಲ್ಲ ಗುರು. ಮೊದಲು ದೂರದ ಲೆಕ್ಕ ನೋಡಿ. ಮಿತ್ರಪಡೆಗಳ ಫೈಟರ್‌ಗಳು ದ್ವೀಪದ ದಕ್ಷಿಣದ ತಮ್ಮ ನೆಲೆ ಪೋರ್ಟ್ ಮೊರೆಸ್ಬಿಯಿಂದ ವೇವಾಕ್‌ಗೆ ಬಂದು ಕಾದಾಡಿ ವಾಪಸ್ ಹೋಗೋದು ಕಷ್ಟ ಇತ್ತು, ಅದೇ ಜಪಾನಿಗೆ ಧೈರ್ಯ. ಆದ್ರೆ ಅಲ್ಲಿನ ಮಿತ್ರಪಡೆಗಳ ವಿಮಾನಪಡೆ ಮುಖ್ಯಸ್ಥ, ಅಮೆರಿಕದ ಜನರಲ್ ಕೆನಿಯ ಕಡೆಯವರು ಜಪಾನ್ ಹಿಡಿತದಲ್ಲಿದ್ದ ಲೇ ಪಟ್ಟಣದ ಹಿಂದಿನ ಕಾಡಲ್ಲಿ, ತ್ಸಿಲಿ ತ್ಸಿಲಿ ಅನ್ನೋ ಕಡೆ, ಗುಟ್ಟಾಗಿ ರನ್‌ವೇ ಮಾಡಿಕೊಂಡರು. ಜಪಾನಿಗೆ ಅದು ಗೊತ್ತಾಯ್ತು, ಆಗಸ್ಟ್ 15ರಂದು ಬಾಂಬೂ ಹಾಕಿದರು. ಎರಡೇ ದಿನಕ್ಕೆ ಏಟು ತಿರುಗಿ ಬಿತ್ತು. ರಾತ್ರಿ ದೊಡ್ಡ ಬಾಂಬರ್‌ಗಳು, ಬೆಳಗಾದ ಮೇಲೆ ಮರದ ತುದಿ ಸವರಿಕೊಂಡು ಬಿ-25 ಬಾಂಬರ್‌ಗಳು, ಮೂಗಿನ ತುಂಬ ಮೆಷಿನ್ ಗನ್. ಪುಟ್ಟ ಪ್ಯಾರಾಚೂಟ್ ಕಟ್ಟಿದ ಸಣ್ಣ ಬಾಂಬ್‌ಗಳನ್ನು ಉದುರಿಸ್ತಾ ಹೋದರು. ಹಾಕಿದ ವಿಮಾನ ದಾಟಿಹೋಗೋವರೆಗೂ ಅವು ನಿಧಾನ ಇಳಿಯುತ್ತವೆ, ಆಮೇಲೆ ಸಿಡಿದು ಚೂರುಗಳು ಸುತ್ತ ಹಾರುತ್ತವೆ. ಸಾಲಾಗಿ ನಿಂತ ವಿಮಾನಗಳಿಗೆ ಇಷ್ಟು ಸಾಕು.

ಹಳೇರೆಕ್ಕೆ:
ಸರಿ, ಆದ್ರೆ ಸಾಲಾಗಿ ಯಾಕೆ ನಿಲ್ಲಿಸಬೇಕಿತ್ತು? ಕಾಡಿನೊಳಗೆ ಬಚ್ಚಿಡಬಹುದಿತ್ತು ಅಲ್ವಾ?

ಸ್ಪ್ಯಾನರ್:
ಬಚ್ಚಿಡೋಕೆ ಜಾಗ ಕಡಿಯಬೇಕಲ್ಲ ಸ್ವಾಮಿ! ಬುಲ್ಡೋಜರ್ ಸಾಲದು, ಬಹುಪಾಲು ಸಲಿಕೆ, ಬುಟ್ಟಿ, ಮನುಷ್ಯರ ಬೆನ್ನು. ಸಿಂಗಾಪುರದಲ್ಲಿ ಸೆರೆಸಿಕ್ಕ ಸಾವಿರಾರು ಭಾರತೀಯ ಸೈನಿಕರನ್ನೂ ಆ ಕಡೆ ಕೂಲಿಗೆ ಹಾಕಿದ್ದರು, ಎಷ್ಟೋ ಜನ ಹಸಿವು ರೋಗದಲ್ಲೇ ಹೋದರು, ಇದನ್ನು ಯಾರೂ ಹೇಳೋದೇ ಇಲ್ಲ. ಇನ್ನು ಕಿ-61. ಕಾಗದದ ಮೇಲೆ ಚೆಂದ. ಜರ್ಮನ್ ಡೈಮ್ಲರ್-ಬೆನ್ಜ್ ಎಂಜಿನ್‌ನ ಜಪಾನಿ ಪ್ರತಿ, ನೀರಿನಿಂದ ತಣಿಯೋದು. ಆ ಸೆಕೆ, ಧೂಳು, ಕೆಸರಿನಲ್ಲಿ ಮೆಕ್ಯಾನಿಕ್‌ಗಳಿಗೆ ಅದು ದಿನಾ ತಲೆನೋವು. ಪೆಸಿಫಿಕ್‌ನ ಟ್ರಕ್ ದ್ವೀಪದಿಂದ ನ್ಯೂಗಿನಿ ಪಕ್ಕದ ಜಪಾನಿ ನೆಲೆ ರಬೌಲ್‌ಗೆ ಬರುವಾಗಲೇ 68ರವರು ಕೆಲವನ್ನು ಕಳೆದುಕೊಂಡಿದ್ದರು. ಬಿಡಿಭಾಗ ಬರಬೇಕಾದ್ದು ಹಡಗಿನಲ್ಲಿ, ಹಡಗುಗಳು ಮುಳುಗ್ತಾ ಇದ್ದವು.

ಮೋಡದಾಚೆ:
ಮುನ್ನೆಚ್ಚರಿಕೆ ವ್ಯವಸ್ಥೆಯೂ ಪೂರ್ತಿ ಸೋತಿತ್ತು. ಬಾಂಬರ್‌ಗಳು ತಲೆ ಮೇಲೆ ಬಂದಮೇಲೆ ಮೇಲೇರೋಕೆ ಟೈಮ್ ಎಲ್ಲಿದೆ? ಹಾಳಾದ ವಿಮಾನಗಳು ನೂರರ ಆಸುಪಾಸು ಅಂತಾರೆ, ಕೆನಿ ಹೇಳಿಕೊಂಡಿದ್ದು ಇನ್ನೂ ಜಾಸ್ತಿ, ಅದನ್ನು ಸ್ವಲ್ಪ ಕಡಿಮೆ ಮಾಡ್ಕೊಂಡೇ ಓದಿ. 1944ರ ಏಪ್ರಿಲ್ ಹೊತ್ತಿಗೆ ಇನ್ನೂ ಪಶ್ಚಿಮದ ಜಪಾನಿ ನೆಲೆ ಹಾಲಂಡಿಯಾದಲ್ಲೂ ಇದೇ ಕಥೆ. ಜುಲೈಯಲ್ಲಿ ಎರಡೂ ಸೆಂಟಾಯ್‌ಗಳನ್ನು ವಿಸರ್ಜಿಸಿಬಿಟ್ಟರು.