ಸಹಾಯ ಬೇಕು: ಜರ್ಮನಿಯಲ್ಲಿ ಅಕ್ಕಿರೊಟ್ಟಿಗೆ ಯಾವ ಹಿಟ್ಟು?

ಎಲ್ಲರಿಗೂ ನಮಸ್ಕಾರ. ಮಗಳು ಓದಲೆಂದು ಜರ್ಮನಿಯ ಆಖೆನ್‌ಗೆ ಹೋಗಿದ್ದಾಳೆ. ನಾನಿರುವುದು ಹಾಸನದಲ್ಲಿ. ಅವಳು ಅಂಗಡಿಯಿಂದಲೇ ವೀಡಿಯೊ ಕರೆ ಮಾಡಿ ಪೊಟ್ಟಣ ತೋರಿಸಿದರೆ ನನಗೂ ತಲೆಬುಡ ತಿಳಿಯುವುದಿಲ್ಲ. ಗೋಧಿ ಹಿಟ್ಟಿನ ಮೇಲೆ 405, 550, 1050 ಎಂದಿರುತ್ತದೆ. 405 ನಮ್ಮ ಮೈದಾದಂತೆ, ಸಂಖ್ಯೆ ಏರಿದಂತೆ ತೌಡಿನ ಅಂಶ ಹೆಚ್ಚು ಎಂಬಷ್ಟು ತಿಳಿದುಕೊಂಡಿದ್ದೇವೆ. ಚಪಾತಿಗೆ 1050 ಸಾಕೇ?

ದೊಡ್ಡ ಚಿಂತೆ ಅಕ್ಕಿ ಹಿಟ್ಟಿನದು. ಏಷ್ಯಾ ಅಂಗಡಿಗಳಲ್ಲಿ ಥಾಯ್ಲೆಂಡಿನ ಎರಡು ಬಗೆ ಸಿಗುತ್ತವೆ. ಒಂದು ಅಂಟು ಅಕ್ಕಿಯದು, ಅದು ರೊಟ್ಟಿಗೆ ಆಗದು. ಇನ್ನೊಂದು ತೀರಾ ನುಣುಪು; ಬಿಸಿನೀರಿನಲ್ಲಿ ಕಲಸಿ ತಟ್ಟಿದರೆ ಹರಿಯದೆ ಬರುತ್ತದೆಯೇ? ಮಾಡಿ ನೋಡಿದವರೇ ಹೇಳಿ. ಕಡುಬಿನ ತರಿಗೆ ಮಿಕ್ಸಿಯೇ ಗತಿಯೋ?

ತುಪ್ಪ ಕೊಟ್ಟು ಕಳುಹಿಸೋಣವೆಂದರೆ ಐರೋಪ್ಯ ಒಕ್ಕೂಟದೊಳಕ್ಕೆ ಭಾರತದಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಬೆಣ್ಣೆ ಕಾಯಿಸಿ ಮಾಡುವ ಅಲ್ಲಿನ ಬುಟರ್‌ಶ್ಮಾಲ್ಟ್ಸ್ ಒಗ್ಗರಣೆಗೆ ಸಾಕಂತೆ. ಪರಿಮಳದ ಮಾತು ಬೇರೆ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಆದ್ದರಿಂದ ಶನಿವಾರದೊಳಗೆ ಪಟ್ಟಿ ಮಾಡಿ ಕಳುಹಿಸಬೇಕು. ಆಖೆನ್, ಕೊಲೋನ್ ಕಡೆ ಹಾಸನ, ಸಕಲೇಶಪುರದವರು ಇದ್ದರೆ ರಾಗಿ ಹಿಟ್ಟು ಎಲ್ಲಿ ಸಿಗುತ್ತದೆಂದೂ ತಿಳಿಸಿ. ‘ಓಟ್ಸ್ ತಿನ್ನಲಿ’ ಎಂಬ ಸಲಹೆ ಮಾತ್ರ ಬೇಡ. ಅದನ್ನು ಅವಳ ಅಪ್ಪ ಆಗಲೇ ಕೊಟ್ಟಾಗಿದೆ.