ಆರು ತಿಂಗಳ ಸರ್ಟಿಫಿಕೇಟ್ ಇದ್ದವರು ಫಿಸಿಯೋಥೆರಪಿ ಸೆಂಟರ್ ನಡೆಸಬಹುದಾ? ಆಯಿಯ ಕಾಲು ಸುಟ್ಟಿದೆ

ಸಂಕದಾಚೆಮನೆ (ಶಿರಸಿ ತಾಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮ ಮನೆ ಶಿರಸಿ ಪೇಟೆಯಿಂದ 18 ಕಿಲೋಮೀಟರ್ ಒಳಗೆ. ಆಯಿಗೆ, ಅಂದರೆ ನಮ್ಮ ಅಮ್ಮನಿಗೆ, 64 ವರ್ಷ. 12 ವರ್ಷದಿಂದ ಶುಗರ್ ಇದೆ. ಮಳೆಗಾಲದಲ್ಲಿ ತೋಟಕ್ಕೆ ಹೋಗುವಾಗ ಸಂಕದ (ಹಳ್ಳ ದಾಟುವ ಸಣ್ಣ ಸೇತುವೆ) ಮೇಲೆ ಜಾರಿ ಬಿದ್ದಳು. ಬಲಗಾಲಿನ ಗಂಟಿನ ಹತ್ತಿರ ಮೂಳೆ ಮುರಿಯಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದೆವು. ಆರು ವಾರದ ಮೇಲೆ ಬಿಚ್ಚಿದಾಗ ಪಾದ ಹಲಗೆಯ ಹಾಗೆ ಬಿಗಿದುಕೊಂಡಿತ್ತು, ಮೇಲೂ ಇಲ್ಲ ಕೆಳಗೂ ಇಲ್ಲ. ಡಾಕ್ಟರ್ ಚೀಟಿಯಲ್ಲಿ ‘ಫಿಸಿಯೋಥೆರಪಿ 10 ದಿನ’ ಅಂತ ಬರೆದುಕೊಟ್ಟರು. ಎಲ್ಲಿ, ಯಾರ ಹತ್ತಿರ, ಏನು ಮಾಡಿಸಬೇಕು, ಒಂದೂ ಇಲ್ಲ.

ದಿನಾ ಹುಬ್ಬಳ್ಳಿಗೆ ಹೋಗಲಿಕ್ಕೆ ಆಗುತ್ತದಾ? ಇಲ್ಲೇ ಹತ್ತಿರದ ಪೇಟೆಯಲ್ಲಿ ಒಂದು ಸೆಂಟರ್ ಇತ್ತು. ಬೋರ್ಡಿನಲ್ಲಿ ಹೆಸರಿನ ಮುಂದೆ ‘ಡಾ.’ ಅಂತ ಇತ್ತು. 10 ದಿನಕ್ಕೆ 3500 ರೂಪಾಯಿ, ಮೊದಲೇ ಕಟ್ಟಿದೆವು. ದಿನಾ ಕರೆಂಟಿನ ಪ್ಯಾಡ್ ಅಂಟಿಸಿ, ಪಾದಕ್ಕೆ ಬಿಸಿ ಚೀಲ ಸುತ್ತಿ, ಅವರು ಪಕ್ಕದ ಕೋಣೆಗೆ ಹೋಗುತ್ತಿದ್ದರು. ಪಾದವನ್ನು ಕೈಯಲ್ಲಿ ಹಿಡಿದು ಆಡಿಸಿದ್ದು ನಾನಂತೂ ಒಂದು ದಿನವೂ ನೋಡಿಲ್ಲ.

ನಾಲ್ಕನೇ ದಿನ ಮನೆಗೆ ಬಂದು ಕಾಲು ತೊಳೆಯುವಾಗ ನೋಡಿದರೆ ಹಿಮ್ಮಡಿಯ ಪಕ್ಕ ಅಡಿಕೆ ಗಾತ್ರದ ನೀರುಗುಳ್ಳೆ. ಸುತ್ತಲೂ ಕೆಂಪು. ‘ಬಿಸಿ ಆಗಲಿಲ್ಲವಾ ಆಯಿ’ ಅಂತ ಕೇಳಿದೆ. ‘ಇಲ್ಲ ಮಗಾ, ನೋವೇ ಇಲ್ಲ’ ಅಂದಳು. ಮರುದಿನ ಹೋಗಿ ಕೇಳಿದಾಗ ‘ಕೆಲವರ ಚರ್ಮ ಹಾಗೇ’ ಅಂದರು. ಆಗ ಗೋಡೆಯ ಮೇಲಿನ ಸರ್ಟಿಫಿಕೇಟ್ ಸರಿಯಾಗಿ ಓದಿದೆ. ಆರು ತಿಂಗಳ ಕೋರ್ಸ್.

ಇದಕ್ಕೆ ಸರ್ಕಾರದ ನಿಯಮ ಅಂತ ಏನಾದರೂ ಇದೆಯಾ? ಲೈಸೆನ್ಸ್ ಕೊಡುವುದು ಯಾರು? ದೂರು ಕೊಡಬೇಕಾ ಅಂತಲೂ ಗೊತ್ತಾಗುತ್ತಿಲ್ಲ. ಅವರು ಗುರುತಿನವರು, ಅವರ ಮನೆಯವರು ನಮ್ಮ ಮನೆಯ ಊಟಕ್ಕೆ ಬಂದವರು.

ಬಿಳಗಿಘಟ್ಟ (ಸಿದ್ದಾಪುರ):

ತಂಗೀ, ನಿನ್ನ ಬೇಜಾರು ಅರ್ಥ ಆಗುತ್ತದೆ. ಆದರೆ ದೂರು ಕೊಡುವ ಮೊದಲು ಒಂದು ಸಲ ಯೋಚನೆ ಮಾಡು. ನಮ್ಮ ಕಡೆ ಇಂಥವರೂ ಇಲ್ಲದಿದ್ದರೆ ಜನ ಎಲ್ಲಿಗೆ ಹೋಗಬೇಕು? ನನ್ನ ಸೊಂಟನೋವಿಗೆ ನಾನು ಇಂಥ ಒಬ್ಬರ ಹತ್ತಿರವೇ ಹೋಗಿದ್ದೆ, ಕಡಿಮೆ ಆಯಿತು. ಮೆಷಿನ್ ಎಲ್ಲ ಕಡೆ ಒಂದೇ ಅಲ್ವಾ? ಹುಬ್ಬಳ್ಳಿಯಲ್ಲೂ ಅದೇ ಪ್ಯಾಡ್ ಅಂಟಿಸಿದರು.

ಕುಮಟೆಯ ಫಿಸಿಯೋ:

ನಾನು ಕುಮಟೆಯಲ್ಲಿ ಫಿಸಿಯೋಥೆರಪಿಸ್ಟ್. ಮೊದಲು ಕಾಲಿನ ವಿಷಯ, ಕಾನೂನು ಆಮೇಲೆ.

ಗುಳ್ಳೆ ಒಡೆಯಬೇಡಿ. ಅರಿಶಿನ, ಟೂತ್‌ಪೇಸ್ಟ್, ತುಪ್ಪ ಯಾವುದನ್ನೂ ಹಚ್ಚಬೇಡಿ. ನಾಳೆ ಬೆಳಗ್ಗೆಯೇ ಡಾಕ್ಟರ್‌ಗೆ ತೋರಿಸಿ, ಶುಗರ್ ಇದೆ ಅಂತ ಮೊದಲೇ ಹೇಳಿ. ಆ ಕಾಲಿಗೆ ಇನ್ನು ಬಿಸಿ ಬೇಡ. ಬಚ್ಚಲಿನ ಹಂಡೆಯ ನೀರನ್ನೂ ಬೇರೆಯವರು ಕೈ ಹಾಕಿ ನೋಡಿಯೇ ಕೊಡಬೇಕು. ನೀವು ಬರೆದದ್ದರಲ್ಲಿ ನನಗೆ ಭಯ ಹುಟ್ಟಿಸಿದ್ದು ‘ನೋವೇ ಇಲ್ಲ’ ಅನ್ನುವ ಮಾತು. ಬಹಳ ವರ್ಷ ಶುಗರ್ ಇದ್ದವರಿಗೆ ಪಾದದ ನರ ಮಂಕಾಗುತ್ತದೆ. ಸುಟ್ಟರೂ ಗೊತ್ತಾಗುವುದಿಲ್ಲ.

ಬಿಳಗಿಘಟ್ಟ ಅಣ್ಣ, ಮೆಷಿನ್ ಒಂದೇ, ನಿಮ್ಮ ಮಾತು ನಿಜ. ಆದರೆ ಯಾರಿಗೆ ಅದನ್ನು ಹಾಕಬಾರದು ಅಂತ ಮೆಷಿನ್‌ಗೆ ಗೊತ್ತಿಲ್ಲ. ನನ್ನ ಟೇಬಲ್ ಮೇಲೆ ಎರಡು ಗಾಜಿನ ಟ್ಯೂಬ್ ಇವೆ. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು. ಬಿಸಿ ಕೊಡುವ ಮೊದಲು ಪೇಶಂಟ್ ಕಣ್ಣು ಮುಚ್ಚಬೇಕು. ನಾನು ಪಾದದ ಬೇರೆ ಬೇರೆ ಕಡೆ ಒಂದೊಂದೇ ಟ್ಯೂಬ್ ಮುಟ್ಟಿಸಿ ‘ಇದು ಬಿಸಿಯಾ, ತಣ್ಣಗಾ’ ಅಂತ ಕೇಳುತ್ತೇನೆ. ತಪ್ಪು ಹೇಳಿದರೆ ಆ ಜಾಗಕ್ಕೆ ಬಿಸಿ ಇಲ್ಲ, ಮುಗಿಯಿತು. ಇನ್ನೊಂದು, ನೈಲಾನ್ ಎಳೆ. ಅದನ್ನು ಪಾದಕ್ಕೆ ಒತ್ತಿದರೆ 10 ಗ್ರಾಂ ಭಾರಕ್ಕೆ ಬಾಗುತ್ತದೆ. ಅದು ಮುಟ್ಟಿದ್ದೇ ಗೊತ್ತಾಗದಿದ್ದರೆ ಆ ಪಾದಕ್ಕೆ ಅಪಾಯ ಇದೆ ಅಂತ ಅರ್ಥ. ಎರಡೂ ಸೇರಿ ಐದು ನಿಮಿಷದ ಕೆಲಸ. ಬಿಸಿ ಚೀಲ ಇರುವ ಡಬ್ಬಿಯ ನೀರು 75 ಡಿಗ್ರಿ ಆಸುಪಾಸು ಇರುತ್ತದೆ. ಅದಕ್ಕೇ ಆರೇಳು ಪದರ ಟವೆಲ್ ಸುತ್ತಬೇಕು, ನಡುನಡುವೆ ತೆಗೆದು ಚರ್ಮ ನೋಡಬೇಕು. ಪೇಶಂಟ್‌ನ ಬಿಟ್ಟು ಪಕ್ಕದ ಕೋಣೆಗೆ ಹೋಗುವ ಹಾಗೇ ಇಲ್ಲ.

ಇದನ್ನೆಲ್ಲ ಕಲಿಯಲಿಕ್ಕೆ ನಮಗೆ ನಾಲ್ಕೂವರೆ ವರ್ಷ ಹಿಡಿಯಿತು, ಅದರಲ್ಲಿ ಆರು ತಿಂಗಳು ಇಂಟರ್ನ್‌ಶಿಪ್. ಡಿಗ್ರಿಯ ಹೆಸರು ಬಿಪಿಟಿ. ಗೋಡೆಯ ಮೇಲೆ ನೀವು ಹುಡುಕಬೇಕಾದ್ದು ಆ ಮೂರು ಅಕ್ಷರ. ಮೇಲೆ ಓದಿದವರಾದರೆ ಎಂಪಿಟಿಯೂ ಇರುತ್ತದೆ.

ಈಗ ಕಾನೂನು. ನಾನು ಡಿಗ್ರಿ ಮುಗಿಸಿ ಏಳು ವರ್ಷ ಮುಂಬಯಿಯಲ್ಲಿದ್ದೆ. ಮಹಾರಾಷ್ಟ್ರದಲ್ಲಿ ಫಿಸಿಯೋಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿಗೆ ಅಂತಲೇ 2002ರ ಕಾಯ್ದೆ ಇದೆ, ಕೌನ್ಸಿಲ್ ಇದೆ. ಕೆಲಸಕ್ಕೆ ಸೇರಿದ ದಿನವೇ ನನ್ನ ರಿಜಿಸ್ಟ್ರೇಷನ್ ನಂಬರ್ ಕೇಳಿದ್ದರು. ದೆಹಲಿಯಲ್ಲಿ 1997ರಲ್ಲೇ ಇಂಥ ಕಾಯ್ದೆ ಆಗಿತ್ತು. ಊರಿಗೆ ವಾಪಸ್ ಬಂದು ಕ್ಲಿನಿಕ್ ತೆರೆಯುವಾಗ ‘ಇಲ್ಲಿ ಎಲ್ಲಿ ರಿಜಿಸ್ಟರ್ ಮಾಡಿಸಬೇಕು’ ಅಂತ ವಿಚಾರಿಸಿದೆ. ಆಗ ನಮ್ಮ ರಾಜ್ಯದಲ್ಲಿ ಫಿಸಿಯೋಥೆರಪಿಗೆ ಅಂತ ಕೌನ್ಸಿಲ್ಲೇ ಇರಲಿಲ್ಲ. ನನ್ನ ಮನಸ್ಸಿಗೆ ತುಂಬಾ ಬೇಜಾರಾದ ದಿನ ಅದು. ಓದಿದವರಿಗೂ ಓದದವರಿಗೂ ಬೋರ್ಡ್ ಒಂದೇ ಥರ.

ಇದು ಬದಲಾಗಿದ್ದು 2021ರಲ್ಲಿ. ಆ ವರ್ಷ ಕೇಂದ್ರ ಸರ್ಕಾರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ತಂದಿತು. ಫಿಸಿಯೋಥೆರಪಿ ಅದರ ಒಳಗೆ ಬರುತ್ತದೆ. ಪ್ರತಿ ರಾಜ್ಯದಲ್ಲೂ ಕೌನ್ಸಿಲ್ ಆಗಬೇಕು, ಹೆಸರು ರಿಜಿಸ್ಟರಿನಲ್ಲಿ ಇರಬೇಕು ಅಂತ ಅದು ಹೇಳುತ್ತದೆ. ರಾಜ್ಯಗಳು ತಡ ಮಾಡಿದಾಗ 2024ರಲ್ಲಿ ಸುಪ್ರೀಂ ಕೋರ್ಟೇ ಗಡುವು ಕೊಟ್ಟು ಕೌನ್ಸಿಲ್ ಮಾಡಿ ಅಂತ ಹೇಳಬೇಕಾಯಿತು. ಈಗ ಕರ್ನಾಟಕಕ್ಕೂ ರಾಜ್ಯ ಕೌನ್ಸಿಲ್ ಇದೆ. ನಿಮ್ಮ ಪ್ರಶ್ನೆಗೆ ನೇರ ಉತ್ತರವೂ ಕಾಯ್ದೆಯಲ್ಲೇ ಇದೆ. ಹೆಲ್ತ್‌ಕೇರ್ ವೃತ್ತಿಪರ ಅನ್ನಿಸಿಕೊಳ್ಳಬೇಕಾದರೆ ಡಿಗ್ರಿ ಬೇಕು, ಕನಿಷ್ಠ 3600 ಗಂಟೆಯ ಓದು ಬೇಕು, ಅದು ಮೂರರಿಂದ ಆರು ವರ್ಷದ ಅವಧಿಯದ್ದಾಗಿರಬೇಕು. ಆರು ತಿಂಗಳ ಕೋರ್ಸ್ ಅದರ ಹತ್ತಿರಕ್ಕೂ ಬರುವುದಿಲ್ಲ.

‘ಡಾ.’ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಓದಿದ ಫಿಸಿಯೋಗಳೇ ಅದನ್ನು ಹಾಕಿಕೊಳ್ಳಬಹುದಾ ಬೇಡವಾ ಅನ್ನುವುದು ದೊಡ್ಡ ಜಗಳ. 2025ರ ಸೆಪ್ಟೆಂಬರ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ನಿರ್ದೇಶನಾಲಯ ‘ಹಾಕಬಾರದು’ ಅಂತ ಪತ್ರ ಬರೆದು ಮರುದಿನವೇ ಹಿಂದಕ್ಕೆ ತೆಗೆದುಕೊಂಡಿತು. ನಾನು ಬೋರ್ಡಿನಲ್ಲಿ ಹಾಕಿಲ್ಲ. ಆ ‘ಡಾ.’ ನೋಡಿ ಯಾರನ್ನೂ ನಂಬಬೇಡಿ, ಅದರ ಕೆಳಗೆ ಏನು ಬರೆದಿದೆ ಅಂತ ಓದಿ.

ಕೋಡಿಬಾಗ (ಕಾರವಾರ):

ಆರೋಗ್ಯ ಇಲಾಖೆಯಲ್ಲಿ 33 ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಕುಮಟೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ.

ಇಲ್ಲಿ ಎರಡು ಬೇರೆ ಬೇರೆ ನೋಂದಣಿ ಇವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಕೌನ್ಸಿಲ್ ನೋಂದಣಿ ಆ ಮನುಷ್ಯನದ್ದು. ಕೆಪಿಎಂಇ ನೋಂದಣಿ ಆ ಜಾಗದ್ದು. ಕೆಪಿಎಂಇ ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರದ್ದು. ದೊಡ್ಡ ಆಸ್ಪತ್ರೆಗೆ ಮಾತ್ರ ಅಂತ ತಿಳಿದುಕೊಂಡಿರುತ್ತಾರೆ. ಹಾಗಲ್ಲ. ಒಂದೇ ಕೋಣೆಯ ಫಿಸಿಯೋಥೆರಪಿ ಸೆಂಟರ್ ಕೂಡ ಅದರ ಒಳಗೆ ಬರುತ್ತದೆ. ನೋಂದಣಿ ಸರ್ಟಿಫಿಕೇಟ್ ಬಂದವರ ಕಣ್ಣಿಗೆ ಬೀಳುವ ಹಾಗೆ ಹಾಕಿರಬೇಕು. ನೀನು ಓದಿದ ಗೋಡೆಯ ಮೇಲೆ ಅದು ಇತ್ತಾ? ಇಲ್ಲ ಅಂದರೆ ಮೊದಲ ತಪ್ಪು ಅಲ್ಲೇ ಇದೆ.

2017ರ ತಿದ್ದುಪಡಿ ಆದಮೇಲೆ ದೂರು ಕೇಳಲಿಕ್ಕೆ ಜಿಲ್ಲಾ ಪ್ರಾಧಿಕಾರ ಇದೆ. ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಅದರಲ್ಲಿ ಇರುತ್ತಾರೆ. ಘಟ್ಟ ಇಳಿದು ಕಾರವಾರಕ್ಕೇ ಬರಬೇಕು ಅಂತಿಲ್ಲ. ಶಿರಸಿಯ ತಾಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡು, ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಾರವಾರಕ್ಕೆ ಕಳಿಸು. ಒಂದೇ ಹಾಳೆ ಸಾಕು. ಯಾವ ದಿನ ಹೋದಿರಿ, ಎಷ್ಟು ಕಟ್ಟಿದಿರಿ, ಏನು ಮಾಡಿದರು, ಯಾವ ದಿನ ಗುಳ್ಳೆ ಕಂಡಿತು. ಬೈಗುಳ ಬೇಡ. ಗುಳ್ಳೆಯ ಫೋಟೋ, ದುಡ್ಡು ಕಟ್ಟಿದ ರಸೀದಿ, ಹುಬ್ಬಳ್ಳಿಯ ಚೀಟಿ ಲಗತ್ತಿಸು. ನಿನ್ನ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳದೆ ಮನೆಗೆ ಬರಬೇಡ. ಸೀಲ್ ಇಲ್ಲದ ಅರ್ಜಿ ಎಷ್ಟೋ ಸಲ ಟೇಬಲ್ ಮೇಲೇ ಉಳಿದುಬಿಡುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ.

ಗುರುತಿನವರು ಅಂದೆಯಲ್ಲ, ಅದು ಕಷ್ಟ, ಗೊತ್ತು ಮಗಾ. ಮೊದಲು ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ ಅವರಿಗೇ ಹೇಳು. ಬಿಸಿ ಕೊಡುವ ಕೆಲಸ ನಿಲ್ಲಿಸಿ, ಓದಿದ ಫಿಸಿಯೋ ಒಬ್ಬರನ್ನು ಇಟ್ಟುಕೊಳ್ಳಿ ಅಂತ ಹೇಳು. ಆದರೆ ಅರ್ಜಿ ಮಾತ್ರ ಕೊಡು. ನಾಳೆ ಅಲ್ಲಿಗೆ ಇನ್ನೊಬ್ಬರ ಆಯಿ ಹೋಗುತ್ತಾಳೆ.

ಬಿಳಗಿಘಟ್ಟ (ಸಿದ್ದಾಪುರ):

ಕುಮಟೆಯವರೇ, ಆ ಟ್ಯೂಬಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ನನಗೂ ಶುಗರ್ ಇದೆ. ನನ್ನ ಸೊಂಟಕ್ಕೆ ಬಿಸಿ ಕೊಡುವಾಗ ಯಾರೂ ಕೇಳಿರಲಿಲ್ಲ. ಹತ್ತಿರದಲ್ಲಿ ಓದಿದವರು ಸಿಗಬೇಕು ಅನ್ನುವ ನನ್ನ ಮಾತು ಹಾಗೇ ಇದೆ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ನಾವೆಲ್ಲ ಕೂಗಿದ್ದೇವೆ. ತಾಲೂಕು ಆಸ್ಪತ್ರೆಗೊಬ್ಬ ಒಳ್ಳೆ ಫಿಸಿಯೋ ಬೇಕು ಅಂತಲೂ ಕೂಗಬೇಕಿತ್ತು.

ಸಂಕದಾಚೆಮನೆ:

ಎಲ್ಲರಿಗೂ ತುಂಬಾ ಉಪಕಾರವಾಯಿತು.

ಶಿರಸಿಯಲ್ಲಿ ಡಾಕ್ಟರ್‌ಗೆ ತೋರಿಸಿದೆವು. ದಿನ ಬಿಟ್ಟು ದಿನ ಡ್ರೆಸಿಂಗ್. ಕೀವು ಆಗಿಲ್ಲ. ಅವರೂ ಪಾದಕ್ಕೆ ನೈಲಾನ್ ಎಳೆ ಮುಟ್ಟಿಸಿ ನೋಡಿದರು. ಹೆಬ್ಬೆರಳಿನ ಕೆಳಗೂ ಹಿಮ್ಮಡಿಯಲ್ಲೂ ಆಯಿಗೆ ಗೊತ್ತೇ ಆಗಲಿಲ್ಲ. ಕಣ್ಣು ಮುಚ್ಚಿಕೊಂಡು ‘ಇನ್ನೂ ಮುಟ್ಟಿಲ್ಲ ಅಲ್ದಾ’ ಅಂತ ಕೇಳುತ್ತಿದ್ದಳು. ಎಳೆ ಬಾಗಿ ನಿಂತಿತ್ತು. ಪಕ್ಕದಲ್ಲಿ ನಿಂತು ನೋಡಿದ ನನಗೆ ಅಳು ಬಂತು.

ಅಪ್ಪಯ್ಯ ಮತ್ತು ನಾನು ಆ ಸೆಂಟರಿಗೂ ಹೋಗಿದ್ದೆವು. ಗೋಡೆಯ ಮೇಲೆ ಕೆಪಿಎಂಇ ಸರ್ಟಿಫಿಕೇಟ್ ಇರಲಿಲ್ಲ. ಉಳಿದ ಆರು ದಿನದ ದುಡ್ಡು ವಾಪಸ್ ಕೊಟ್ಟರು, ಮಾತು ಜಾಸ್ತಿ ಆಡಲಿಲ್ಲ. ಅರ್ಜಿ ಸೋಮವಾರ ಕೊಟ್ಟೆ. ಸೀಲ್ ಹಾಕಿಸಿಕೊಂಡೆ. ಕಾರವಾರಕ್ಕೂ ಪೋಸ್ಟ್ ಮಾಡಿದ್ದೇನೆ.

ಕುಮಟೆಯವರೇ, ಡಾಕ್ಟರ್ ಪಾದ ಆಡಿಸಬಹುದು ಅಂದಿದ್ದಾರೆ. ಗುರುವಾರ ಆಯಿಯನ್ನು ಕರೆದುಕೊಂಡು ಬರಬಹುದಾ?

ಕುಮಟೆಯ ಫಿಸಿಯೋ:

ಬನ್ನಿ. ದೇವಿಮನೆ ಘಟ್ಟದಲ್ಲಿ ಬಸ್ಸು ಕುಲುಕುತ್ತದೆ, ಕಾಲು ಕೆಳಗೆ ಇಳಿಬಿಡದೆ ಚೀಲದ ಮೇಲೆ ಇಟ್ಟು ಕೂರಿಸಿ. ಎಕ್ಸ್‌ರೇ ಎರಡೂ ತನ್ನಿ, ಪ್ಲಾಸ್ಟರ್ ಹಾಕುವ ಮೊದಲಿನದ್ದು ಮತ್ತು ಬಿಚ್ಚಿದ ಮೇಲಿನದ್ದು. ದಿನಾ ಹತ್ತಿ ಇಳಿಯುವುದು ಬೇಡ. ನಾಲ್ಕು ವ್ಯಾಯಾಮ ನಿಮಗೆ ಕಲಿಸುತ್ತೇನೆ. ಮನೆಯಲ್ಲಿ ನೀವೇ ಮಾಡಿಸಿ, ವಾರಕ್ಕೊಮ್ಮೆ ನಾನು ನೋಡುತ್ತೇನೆ.