ಗುರುಗಳಿಲ್ಲದೆ ಗೆಳೆಯರೇ ಸೇರಿ ಅಭ್ಯಾಸ ಮಾಡುವಾಗ ಶಿಸ್ತು ತರೋದು ಹೇಗೆ?

ಹೊಸಪಟ್ಟು:

ಎಲ್ಲರಿಗೂ ನಮಸ್ಕಾರ. ನಾವು ಆರೇಳು ಜನ ಗೆಳೆಯರು ವಾರಕ್ಕೆರಡು ಸಲ ಸೇರಿ ಅಭ್ಯಾಸ ಮಾಡುತ್ತೇವೆ. ಇಬ್ಬರು ಜೂಡೋ ಕಲಿತವರು, ಒಬ್ಬ ಬಾಕ್ಸಿಂಗ್, ನಾನು ಕರಾಟೆ, ಉಳಿದವರು ಹೊಸಬರು. ಗುರುಗಳು ಅಂತ ಯಾರೂ ಇಲ್ಲ, ಫೀಸೂ ಇಲ್ಲ. ಶುರುವಿನಲ್ಲಿ ತುಂಬಾ ಚೆನ್ನಾಗಿತ್ತು, ಈಗ ಎರಡು ತೊಂದರೆ ಕಾಡುತ್ತಿವೆ. ಒಬ್ಬ ಏನಾದರೂ ಪಟ್ಟು ತೋರಿಸಿದರೆ ಇನ್ನೊಬ್ಬ "ಹಾಗಲ್ಲ, ಕಾಲು ಇಲ್ಲಿಡಬೇಕು" ಅನ್ನುತ್ತಾನೆ, ಮೂರನೆಯವನು ಫೋನ್ ತೆಗೆದು ವಿಡಿಯೊ ತೋರಿಸುತ್ತಾನೆ, ಅರ್ಧ ಹೊತ್ತು ನಿಂತುಕೊಂಡೇ ಕಳೆದುಹೋಗುತ್ತದೆ. ಇನ್ನೊಂದು ಸ್ಪಾರಿಂಗ್, ಅಂದರೆ ಇಬ್ಬರು ಎದುರುಬದುರಾಗಿ ಆಡುವ ಅಭ್ಯಾಸದ ಕಾಳಗ. ಮೆಲ್ಲಗೆ ಅಂತ ಶುರು ಮಾಡುತ್ತೇವೆ, ಎರಡು ನಿಮಿಷಕ್ಕೆ ಜೋರಾಗಿಬಿಡುತ್ತದೆ. ಹೊಸಬರೊಬ್ಬರು ಹೆದರಿ ಬರೋದನ್ನೇ ಬಿಟ್ಟರು. ಎಲ್ಲರೂ ಸಮಾನರು ಅಂದಮೇಲೆ ಯಾರು ಯಾರಿಗೆ ಹೇಳಬೇಕು? ಈ ಗುಂಪು ಒಡೆಯೋದು ನನಗೆ ಇಷ್ಟವಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಬೆಳಗಿನಓಟ:

ಎಲ್ಲರೂ ಸಮಾನರು ಸರಿ. ಆದರೆ ಆ ಒಂದೂವರೆ ಗಂಟೆ ನಡೆಸೋದಕ್ಕೆ ಒಬ್ಬರು ಬೇಕೇ ಬೇಕು. ಹಿಂದಿನ ಸಲವೇ ನಿರ್ಧಾರ ಮಾಡಿಕೊಳ್ಳಿ, ಮುಂದಿನ ಸಲ ಯಾರು ನಡೆಸುತ್ತಾರೆ, ಯಾವ ಒಂದೇ ವಿಷಯ ಅಂತ. ಸರದಿ ಪ್ರಕಾರ ಎಲ್ಲರಿಗೂ ಬರಲಿ, ಹೊಸಬರಿಗೂ. ಅವರಿಗೆ ಪಟ್ಟು ಕಲಿಸೋಕೆ ಬರದಿದ್ದರೂ ಗಡಿಯಾರ ನೋಡೋಕೆ, ಜೋಡಿ ಬದಲಾಯಿಸೋಕೆ, "ಸಾಕು ನಿಲ್ಲಿಸಿ" ಅನ್ನೋಕೆ ಬರುತ್ತದೆ ಅಲ್ವಾ? ಅವತ್ತು ನಡೆಸುವವರು ಹೇಳಿದ್ದೇ ನಡೆಯಬೇಕು. ಬೇರೆ ಅಭಿಪ್ರಾಯ ಇದ್ದರೆ ಮುಗಿದ ಮೇಲೆ ಮಾತಾಡಿ.

ಯಾರ ರೀತಿ ಸರಿ ಅನ್ನೋ ವಾದಕ್ಕೆ ಒಂದು ದಾರಿ ಇದೆ. ಎರಡೂ ರೀತಿಯನ್ನು ಸುಮ್ನೆ ಮಾಡಿ ನೋಡಿ. ಎದುರಿನವರು ಮೊದಲು ಸುಮ್ಮನೆ ನಿಲ್ಲಲಿ, ಆಮೇಲೆ ಸ್ವಲ್ಪ ತಡೆಯಲಿ, ಆಮೇಲೆ ಜಾಸ್ತಿ ತಡೆಯಲಿ. ತಡೆದಾಗಲೂ ಯಾವುದು ನಡೆಯುತ್ತದೋ ಅದನ್ನು ಇಟ್ಟುಕೊಳ್ಳಿ. ಕರಾಟೆಯವರಿಗೂ ಜೂಡೋದವರಿಗೂ ಪದಗಳು ಬೇರೆ, ನಿಲುವು ಬೇರೆ, ಮಾತಿನಲ್ಲಿ ಒಪ್ಪಿಸೋಕೆ ಹೋದರೆ ಯಾರೂ ಒಪ್ಪಲ್ಲ.

ಸ್ಪಾರಿಂಗ್ ಜೋರಾಗೋದು ತಡೆಯೋಕೆ ಮೊದಲೇ ವೇಗ ಮಾತಾಡಿಕೊಳ್ಳಿ. ಇಬ್ಬರಲ್ಲಿ ಕಡಿಮೆ ಅನುಭವ ಇರುವವರು ಹೇಳಿದ ವೇಗವೇ ಕೊನೆ ಮಾತು.

ಎಡಗೈ:

ಮೇಲಿನವರ ಮೊದಲ ಮಾತು ನೂರಕ್ಕೆ ನೂರು ಒಪ್ಪುತ್ತೇನೆ, ವೇಗದ ಮಾತು ಮಾತ್ರ ಒಪ್ಪಲ್ಲ. ಹೊಡೆತದ ಆಟದಲ್ಲಿ "ಅರ್ಧ ಬಲ" ಅಂದರೆ ಒಬ್ಬೊಬ್ಬರಿಗೂ ಒಂದೊಂದು ಅಳತೆ. ನಾನು ಕೊಟ್ಟಿದ್ದು ಮೆಲ್ಲಗೆ ಅಂತ ನನಗನ್ನಿಸುತ್ತದೆ, ನನಗೆ ಬಿದ್ದದ್ದು ಜೋರು ಅನ್ನಿಸುತ್ತದೆ, ಹಾಗೇ ಏರುತ್ತಾ ಹೋಗುತ್ತದೆ. ಅದರ ಬದಲು ಆಟವನ್ನೇ ಚಿಕ್ಕದು ಮಾಡಿ. ಒಬ್ಬರು ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಮಾತ್ರ ಹಾಕಲಿ, ಇನ್ನೊಬ್ಬರು ತಪ್ಪಿಸಿಕೊಳ್ಳುವುದು ಮಾತ್ರ. ಅಥವಾ ಭುಜ ಮುಟ್ಟುವ ಆಟ. ಅಥವಾ ಹೊಟ್ಟೆ ಎದೆಗೆ ಮಾತ್ರ, ತಲೆಗೆ ಇಲ್ಲ. ಹೀಗೆ ಮಾಡಿದರೆ ಕಲಿಯೋದೂ ಜಾಸ್ತಿ, ಯಾಕೆಂದರೆ ಒಂದೇ ವಿಷಯ ಮತ್ತೆ ಮತ್ತೆ ಬರುತ್ತದೆ.

ತಲೆಯ ವಿಷಯ ಒತ್ತಿ ಹೇಳುತ್ತೇನೆ. 16 ಔನ್ಸ್ ಗ್ಲೌಸ್ ಹಾಕಿದರೆ ಏನೂ ಆಗಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಗ್ಲೌಸ್ ಕೈ ಮೂಳೆ ಉಳಿಸುತ್ತದೆ, ಮುಖ ಹರಿಯೋದು ಕಡಿಮೆ ಮಾಡುತ್ತದೆ. ಒಳಗೆ ಮಿದುಳು ಅಲುಗೋದನ್ನು ಅದು ತಡೆಯಲ್ಲ, ಹೆಡ್‌ಗಾರ್ಡೂ ತಡೆಯಲ್ಲ. ಪೆಟ್ಟು ಬಿದ್ದ ಮೇಲೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಜು ಕಂಡಂತಾಗೋದು, ಈಗಷ್ಟೇ ನಡೆದದ್ದು ಮರೆಯೋದು, ಇದರಲ್ಲಿ ಒಂದೇ ಇದ್ದರೂ ಅವತ್ತಿಗೆ ಅವರ ಅಭ್ಯಾಸ ಮುಗಿಯಿತು, ಡಾಕ್ಟರಿಗೆ ತೋರಿಸಬೇಕು. ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ತೂಕಡಿಕೆ ಬಂದರೆ ನೇರ ಆಸ್ಪತ್ರೆಗೆ. ವಾಪಸ್ ಬರೋದೂ ಒಂದೇ ಸಲಕ್ಕೆ ಬೇಡ. ಹಂತ ಹಂತವಾಗಿ, ಹಂತಕ್ಕೆ ಕನಿಷ್ಠ 24 ಗಂಟೆ ಬಿಟ್ಟು, ಡಾಕ್ಟರ್ ಒಪ್ಪಿದ ಮೇಲೆಯೇ ಸ್ಪಾರಿಂಗ್. "ನಾನು ಚೆನ್ನಾಗಿದ್ದೀನಿ" ಅಂತ ಅವರೇ ಹೇಳಿದರೂ ಬಿಡಬೇಡಿ. ಆ ಹೊತ್ತಿನಲ್ಲಿ ತಮ್ಮ ಸ್ಥಿತಿ ಅಳೆಯೋಕೆ ಅವರಿಂದ ಆಗಲ್ಲ.

ಬಿಳಿಬೆಲ್ಟ್:

ಜೂಡೋ ಕಡೆಯಿಂದ ನನ್ನದೂ ಸೇರಿಸುತ್ತೇನೆ. ಹೊಸಬರಿಗೆ ಮೊದಲು ಬೀಳೋದನ್ನು ಕಲಿಸಿ. ಗದ್ದ ಎದೆಗೆ ಒತ್ತಿ, ತಲೆ ನೆಲಕ್ಕೆ ತಾಗದ ಹಾಗೆ. ಅದು ಮೈಗೆ ಹತ್ತುವವರೆಗೂ ಅವರನ್ನು ಯಾರೂ ಎತ್ತಿ ಹಾಕಬಾರದು. ಬರೀ ನೆಲದ ಮೇಲೆ ಎಸೆತ ಬೇಡವೇ ಬೇಡ, ಜೂಡೋ ಮ್ಯಾಟ್ ಸಾಮಾನ್ಯವಾಗಿ 4 ಸೆಂಟಿಮೀಟರ್ ದಪ್ಪ ಇರೋದು ಸುಮ್ನೆ ಅಲ್ಲ.

ಯಾವ ಪಟ್ಟು ಬಿಡಬೇಕು ಅನ್ನೋದನ್ನೂ ಒಟ್ಟಿಗೆ ನಿರ್ಧರಿಸಿ. ಜೂಡೋ ಹುಟ್ಟುಹಾಕಿ 1882ರಲ್ಲಿ ಕೊಡೋಕನ್ ಶಾಲೆ ಶುರು ಮಾಡಿದ ಕಾನೊ ಜಿಗೊರೊ ಮಾಡಿದ್ದೂ ಅದೇ. ಹೊಡೆತದಂಥ ಅಪಾಯದ ವರಸೆಗಳನ್ನು ಕಾತಾಗೆ (ಮೊದಲೇ ಗೊತ್ತುಮಾಡಿದ ಕ್ರಮದ ಅಭ್ಯಾಸ) ಬಿಟ್ಟು, ಜೋರಾಗಿ ಮಾಡಿದರೂ ಗಾಯ ಕಡಿಮೆ ಇರುವುದನ್ನು ರಾಂದೊರಿಗೆ (ಎದುರಾಳಿ ತಡೆಯುವಾಗ ಮಾಡುವ ಮುಕ್ತ ಅಭ್ಯಾಸ) ಇಟ್ಟುಕೊಂಡರು. ಅದಕ್ಕೇ ಅಷ್ಟು ಬಲ ಹಾಕಿ ದಿನಾ ಅಭ್ಯಾಸ ಮಾಡೋಕೆ ಆಗೋದು. ಆಮೇಲೂ ಪಟ್ಟಿಯಿಂದ ಕೆಲವನ್ನು ತೆಗೆದಿದ್ದಾರೆ. ಎರಡೂ ಕಾಲಿನಲ್ಲಿ ಕತ್ತರಿ ಹಾಕಿ ಬೀಳಿಸುವ ಕಾನಿ ಬಸಾಮಿಯಲ್ಲಿ 1980ರಲ್ಲಿ ಜಪಾನಿನ ಜೂಡೋ ಚಾಂಪಿಯನ್ ಯಮಶಿತಾ ಯಸುಹಿರೊ ಅವರ ಕಾಲಿನ ಮೂಳೆಯೇ ಮುರಿಯಿತು. ಈಗ ಸ್ಪರ್ಧೆಯಲ್ಲಿ ಅದಕ್ಕೆ ನಿಷೇಧ ಇದೆ. ಅಂಥ ಚಾಂಪಿಯನ್‌ಗೇ ಹಾಗಾದರೆ ನಮ್ಮಂಥವರ ಗುಂಪಿನಲ್ಲಿ ವಿಡಿಯೊ ನೋಡಿ ಅದನ್ನು ಮಾಡೋದು ಬೇಡ. ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್ ಕೂಡ ಬೇಡ. ಅದರಲ್ಲಿ ನೋವು ಗೊತ್ತಾಗೋ ಮೊದಲೇ ಮಂಡಿಯ ಲಿಗಮೆಂಟ್ ಹರಿಯಬಹುದು, ಟ್ಯಾಪ್ ಮಾಡೋಕೆ (ಸೋತೆ, ಬಿಡು ಅಂತ ಕೈಯಿಂದ ತಟ್ಟೋಕೆ) ಸಮಯವೇ ಸಿಗಲ್ಲ.

ಹೊಸಪಟ್ಟು:

ತುಂಬಾ ಉಪಯೋಗವಾಯಿತು. ಸರದಿ ಪದ್ಧತಿ ಈ ವಾರದಿಂದಲೇ ಶುರು ಮಾಡುತ್ತೇವೆ, ಜ್ಯಾಬ್ ಮಾತ್ರದ ಆಟವೂ ಹಿಡಿಸಿತು. ಇನ್ನೊಂದು ಕೇಳಲಾ? ನಮ್ಮಲ್ಲೊಬ್ಬ ಟ್ಯಾಪ್ ಮಾಡೋದೇ ಇಲ್ಲ. ಕತ್ತು ಅದುಮಿದರೂ ಹಲ್ಲು ಕಚ್ಚಿಕೊಂಡು ಇರುತ್ತಾನೆ. ಒಳ್ಳೆಯ ಹುಡುಗ, ಹೇಳಿದರೆ ನಗುತ್ತಾನೆ.

ಬಿಳಿಬೆಲ್ಟ್:

ಅವನು ಟ್ಯಾಪ್ ಮಾಡುತ್ತಾನೆ ಅಂತ ಕಾಯಬೇಡಿ. ಕತ್ತಿನ ಎರಡೂ ಬದಿಯ ರಕ್ತನಾಳ ಸರಿಯಾಗಿ ಒತ್ತಿದರೆ ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ಹೋಗಬಹುದು, ಕೆಲವರಿಗೆ ಇನ್ನೂ ಬೇಗ. ಆಮೇಲೆ ಟ್ಯಾಪ್ ಮಾಡೋಕೆ ಕೈಯೇ ಏಳಲ್ಲ. ಹಾಗಾಗಿ ಹಿಡಿದವರದ್ದೇ ಜವಾಬ್ದಾರಿ. ಹಿಡಿತ ಕೂತಿತು ಅಂತ ಗೊತ್ತಾದ ಕೂಡಲೇ ಬಿಟ್ಟು ಮತ್ತೆ ಶುರು ಮಾಡಿ. ಕೈ ಸಡಿಲವಾದರೆ ಒಂದು ಕ್ಷಣವೂ ಕಾಯದೆ ಬಿಡಿ. ಕೈ ಎರಡೂ ಸಿಕ್ಕಿಕೊಂಡಾಗ ಕಾಲಿನಿಂದ ತಟ್ಟಿದರೂ, ಬಾಯಲ್ಲಿ ಕೂಗಿದರೂ ಟ್ಯಾಪ್ ಅಂತಲೇ ಲೆಕ್ಕ.

ಬೆಳಗಿನಓಟ:

ಆ ಹುಡುಗನಿಗೆ ಎಲ್ಲರ ಮುಂದೆ ಹೇಳಬೇಡಿ, ಪಕ್ಕಕ್ಕೆ ಕರೆದು ನೇರವಾಗಿ ಹೇಳಿ. ಆಮೇಲೆ ನಿಮ್ಮಲ್ಲಿ ಗಟ್ಟಿ ಇರುವವರೇ ಹೊಸಬರ ಜೊತೆ ಆಡುವಾಗ ಬೇಗ ಬೇಗ ಟ್ಯಾಪ್ ಮಾಡಲಿ. ಅದನ್ನು ನೋಡಿಯೇ ಉಳಿದವರು ಕಲಿಯುತ್ತಾರೆ. ಬರೋದು ಬಿಟ್ಟ ಆ ಗೆಳೆಯರಿಗೂ ಒಂದು ಫೋನ್ ಮಾಡಿ, ಏನೇನು ಬದಲಾಯಿಸಿದ್ದೀರಿ ಅಂತ ತಿಳಿಸಿ. ಮತ್ತೆ ಬಂದರೆ ಮೊದಲ ಕೆಲವು ವಾರ ಇಬ್ಬರು ಜೂಡೋದವರಲ್ಲಿ ಒಬ್ಬರು ಅವರಿಗೆ ಜೋಡಿಯಾಗಲಿ. ಅಂದಹಾಗೆ ಉಗುರು ಕತ್ತರಿಸಿ ಬರೋದು, ಪ್ರತಿ ಸಲ ಮ್ಯಾಟ್ ಒರೆಸೋದು, ಹುಳುಕಡ್ಡಿ ಇದ್ದವರು ವಾಸಿಯಾಗುವವರೆಗೆ ಹಿಡಿತದ ಅಭ್ಯಾಸದಿಂದ ದೂರ ಇರೋದು, ಇದನ್ನೂ ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ.